ಚಪ್ಪರವಿಲ್ಲದ ದ್ರಾಕ್ಷಿ, 84 ಬಾಟಲಿ ವೈನ್

ಕಳೆದ ಶನಿವಾರ ಸಂಜೆ ಕೊನೆಯ ಬಾಟಲಿಗೆ ಬಿರಡೆ ಒತ್ತಿದೆವು. ಒಟ್ಟು 84 ಬಾಟಲಿ. ದ್ರಾಕ್ಷಿ ಕೊಯ್ದ ದಿನದಿಂದ ಲೆಕ್ಕ ಹಾಕಿದರೆ ಹನ್ನೊಂದು ತಿಂಗಳು. ತೋಟ ಹುಡುಕಲು ಅಲೆದದ್ದನ್ನೂ ಸೇರಿಸಿದರೆ ಹತ್ತಿರ ಹತ್ತಿರ ಒಂದೂವರೆ ವರ್ಷ. ಈ ನಡುವೆ ನಿದ್ದೆ ಕೆಟ್ಟಿದೆ, ಬೆನ್ನು ಹಿಡಿದಿದೆ, ಒಂದು ವಾರವಂತೂ ಎಲ್ಲವನ್ನೂ ಮೋರಿಗೆ ಚೆಲ್ಲಬೇಕಾಗುತ್ತದೇನೋ ಎಂದು ಅತ್ತಿದ್ದೇನೆ. ಮೊದಲೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. ಅದಕ್ಕೇ ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಬಾಡಿಗೆ ಮನೆ. ನನ್ನ ಊರು ದೊಡ್ಡಬಳ್ಳಾಪುರದ ಕಡೆ. ಅಪ್ಪ ಬೆಂಗಳೂರು ಬ್ಲೂ ಬೆಳೆಯುತ್ತಿದ್ದರು, ಒಂದಷ್ಟು ದಿಲ್‌ಖುಷ್ ಕೂಡ. ನಾನು ಓದಿದ್ದು ದ್ರಾಕ್ಷಿ ಚಪ್ಪರದ ನೆರಳಲ್ಲಿ. ಆ ತೋಟ ಈಗ ಇಲ್ಲ, ಅಲ್ಲಿ ಸೈಟುಗಳಾಗಿವೆ. ಇಲ್ಲಿಗೆ ಬಂದ ಮೇಲೆ ಓಕ್ಲಿ, ಆಂಟಿಯಾಕ್ ಕಡೆ ಕಾರಿನಲ್ಲಿ ಹೋಗುವಾಗ ಮನೆಗಳ ಸಾಲಿನ ಮಧ್ಯೆ ಒಂದು ಮರಳುಗಾಡಿನಂಥ ಹೊಲ ಕಂಡಿತು. ಅದರಲ್ಲಿ ಮೊಣಕಾಲೆತ್ತರದ ಕರಿ ಬೊಡ್ಡೆಗಳು, ತಲೆಯಲ್ಲಿ ಮಾತ್ರ ಎಲೆ. ಚಪ್ಪರ ಇಲ್ಲ, ತಂತಿ ಇಲ್ಲ, ಕಂಬ ಇಲ್ಲ. ಅದು ದ್ರಾಕ್ಷಿ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಆ ಕಡೆ 1880ರ ದಶಕದಿಂದಲೇ ಪೋರ್ಚುಗೀಸ್ ಮತ್ತು ಇಟಾಲಿಯನ್ ವಲಸಿಗರು ಹಾಕಿದ ತೋಟಗಳಿವೆ. ಅವರು ಒಂದೇ ತಳಿ ಹಾಕುತ್ತಿರಲಿಲ್ಲ. ಜಿನ್‌ಫ್ಯಾಂಡೆಲ್ ಜಾಸ್ತಿ, ಅದರ ಮಧ್ಯೆ ಮಧ್ಯೆ ಕಾರಿನ್ಯಾನ್, ಮಟಾರೊ, ಪೆಟಿಟ್ ಸಿರಾ, ಅಲಿಕಾಂಟೆ ಬೂಷೆ. ಎಲ್ಲವನ್ನೂ ಒಂದೇ ದಿನ ಕೊಯ್ದು ಒಟ್ಟಿಗೇ ಹುದುಗಿಸುವುದು. ಇದಕ್ಕೆ ಫೀಲ್ಡ್ ಬ್ಲೆಂಡ್ ಅನ್ನುತ್ತಾರೆ. ನಮ್ಮಲ್ಲಿ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತೇವಲ್ಲ, ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಅಂತ, ಅದೇ ಲೆಕ್ಕ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಜಿನ್‌ಫ್ಯಾಂಡೆಲ್‌ನಿಂದ ಸಿಹಿ ಮತ್ತು ಘಮ, ಕಾರಿನ್ಯಾನ್‌ನಿಂದ ಹುಳಿ, ಮಟಾರೊದಿಂದ ಗಟ್ಟಿತನ, ಅಲಿಕಾಂಟೆಯಿಂದ ಬಣ್ಣ. ಫೋನಿನಲ್ಲಿ ಹೇಳಿದಾಗ ಅಪ್ಪ ಇದನ್ನು ತಕ್ಷಣ ಹಿಡಿದರು. ಅವರ ಮುಂದಿನ ಪ್ರಶ್ನೆ, “ಬೇರು ಯಾವುದಮ್ಮ? ಡಾಗ್ರಿಡ್ಜ್ ಮೇಲೆ ಕಸಿ ಮಾಡಿದಾರಾ?”

ಡಾಗ್ರಿಡ್ಜ್ ಅಂದರೆ ನಮ್ಮ ಕಡೆ ದ್ರಾಕ್ಷಿಯನ್ನು ಕಸಿ ಕಟ್ಟುವ ಬೇರಿನ ತಳಿ. ಇಲ್ಲಿ ಕಸಿ ಇಲ್ಲ, ಸ್ವಂತ ಬೇರು. ದ್ರಾಕ್ಷಿ ಬೇರು ಹೀರುವ ಫಿಲಾಕ್ಸೆರಾ ಅನ್ನೋ ಹೇನಿನಂಥ ಹುಳ ಹತ್ತೊಂಬತ್ತನೇ ಶತಮಾನದ ಕೊನೆಗೆ ಕ್ಯಾಲಿಫೋರ್ನಿಯಾದ ತೋಟಗಳನ್ನು ತಿಂದುಹಾಕಿತು. ಅದಕ್ಕೆ ಮರಳು ಆಗಿಬರುವುದಿಲ್ಲ. ಹಾಗಾಗಿ ಈ ಮರಳಿನಲ್ಲಿದ್ದ ಗಿಡಗಳು ಉಳಿದವು. ಮಣ್ಣಿನ ನಕ್ಷೆಯಲ್ಲಿ ಈ ಮರಳಿನ ಹೆಸರು ಡೆಲ್ಹಿ. ನಮ್ಮ ದೆಹಲಿಯಲ್ಲ, ಇದೇ ರಾಜ್ಯದಲ್ಲಿ ಡೆಲ್ಹಿ ಅಂತ ಒಂದು ಊರಿದೆ.

ಈಗ ಕಾಗದಪತ್ರದ ವಿಷಯ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಇದನ್ನೇ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ವಯಸ್ಕರು ಮನೆ ಬಳಕೆಗೆ ತೆರಿಗೆ ಇಲ್ಲದೆ ವೈನ್ ಮಾಡಬಹುದು. ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಜಾಸ್ತಿ ಇದ್ದರೆ 200 ಗ್ಯಾಲನ್. ಲೈಸೆನ್ಸ್ ಬೇಡ. ಆದರೆ ಒಂದೇ ಒಂದು ಬಾಟಲಿಯನ್ನೂ ಮಾರುವಂತಿಲ್ಲ. ಗೆಳೆಯರು ಪ್ರೀತಿಯಿಂದ ದುಡ್ಡು ಕೊಡಲು ಬಂದರೂ ತಗೊಳ್ಳಬೇಡಿ. ಹಿಂಡಿದ ಮೇಲೆ ಉಳಿಯುವ ಸಿಪ್ಪೆಯನ್ನು ಭಟ್ಟಿ ಇಳಿಸಬಹುದಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮನೆಯಲ್ಲಿ ಭಟ್ಟಿ ಇಳಿಸುವುದು ಅಪರಾಧ, ಆ ದಾರಿಗೇ ಹೋಗಬೇಡಿ. ಬಾಡಿಗೆ ಮನೆಯಾದರೆ ಗ್ಯಾರೇಜ್ ಬಳಸಲು ಮಾಲೀಕರಿಂದ ಎರಡು ಸಾಲು ಬರಹದಲ್ಲಿ ತಗೊಳ್ಳಿ. ನಮ್ಮ ಮಾಲೀಕರು ಒಪ್ಪಲು ಮೂರು ವಾರ ತಗೊಂಡರು, ನೆಲಕ್ಕೆ ಕಲೆ ಬಿದ್ದರೆ ನಮ್ಮ ಖರ್ಚು ಎಂದು ಬರೆಸಿಕೊಂಡರು.

ತೋಟ ಸಿಗುವುದೇ ದೊಡ್ಡ ಕಷ್ಟ. ಮಾರ್ಚ್‌ನಲ್ಲಿ ಹುಡುಕಲು ಶುರು ಮಾಡಿದೆ. ಹಳೆ ತೋಟಗಳ ಹಣ್ಣನ್ನು ವೈನರಿಗಳು ಮೊದಲೇ ಮಾತಾಡಿಕೊಂಡಿರುತ್ತವೆ. ಉಳಿದವರು ಅರ್ಧ ಟನ್‌ಗಿಂತ ಕಡಿಮೆ ಕೊಡುವುದಿಲ್ಲ. ಹನ್ನೊಂದು ಜನಕ್ಕೆ ಕೇಳಿದೆ, ಏಳು ಜನ ಉತ್ತರವನ್ನೇ ಕೊಡಲಿಲ್ಲ. ಜೂನ್ ಕೊನೆಗೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಫೋನ್ ಮಾಡಿದರು. ಅವರ ಅಜ್ಜ 1910ರ ಸುಮಾರಿಗೆ ಹಾಕಿದ ತೋಟ. “ನೀವೇ ಬಂದು ಕೊಯ್ದುಕೊಂಡರೆ 300 ಪೌಂಡ್ ಕೊಡುತ್ತೇನೆ, ಪೌಂಡಿಗೆ 2 ಡಾಲರ್,” ಅಂದರು. ಅಂದರೆ 136 ಕೆಜಿ, 600 ಡಾಲರ್. ತೋಟದಲ್ಲಿ ಬಿದ್ದು ಏಟಾದರೆ ಅವರ ಹೊಣೆಯಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದೆವು. ತೂಕದ ಚೀಟಿ ಮತ್ತು ಬಿಲ್ಲು ಗಾಡಿಯಲ್ಲೇ ಇಟ್ಟುಕೊಂಡು ಬಂದೆವು, ನೀವೂ ಹಾಗೇ ಮಾಡಿ.

ಆಮೇಲೆ ಕಾಯುವುದು. ಆಗಸ್ಟ್ ಕೊನೆಯ ವಾರ ಅಂದಿದ್ದರು. ಆ ವಾರ ಹೋಯಿತು. ನಾನು ಎರಡು ಸಲ ಹೋಗಿ ನೂರು ನೂರು ಹಣ್ಣು ಕಿತ್ತು ಹಿಂಡಿ ಸಕ್ಕರೆ ಅಳೆದು ಬಂದೆ. ಎರಡನೇ ಸಲ 24.5 ಬ್ರಿಕ್ಸ್ ಬಂತು, ಅಂದರೆ ರಸದ ತೂಕದಲ್ಲಿ ಹೆಚ್ಚುಕಡಿಮೆ ಶೇಕಡಾ ಅಷ್ಟು ಸಕ್ಕರೆ. ಇನ್ನೇನು ಸರಿಯಾಯಿತು ಅನ್ನುವಾಗ ಸೆಪ್ಟೆಂಬರ್ ಮೊದಲ ವಾರ ಬಿಸಿಗಾಳಿ ಶುರುವಾಯಿತು. ರಾತ್ರಿ ಒಂಬತ್ತೂವರೆಗೆ ಮೆಸೇಜ್, “ನಾಳೆ ಬೆಳಿಗ್ಗೆ 6ಕ್ಕೆ ಬನ್ನಿ.” ಕ್ರೇಟುಗಳನ್ನು ಅವತ್ತು ರಾತ್ರಿಯೇ ತೊಳೆದೆವು. ನನ್ನ ಗಂಡ ಆಫೀಸಿಗೆ ರಜೆ ಹೇಳಿದ್ದು ಬೆಳಿಗ್ಗೆ ಕಾರಿನಿಂದ.

ಆ ಬೆಳಿಗ್ಗೆಯನ್ನು ಮರೆಯಲಾರೆ. ಪಕ್ಕದ ನದಿಗಳ ಡೆಲ್ಟಾ ಕಡೆಯಿಂದ ತಣ್ಣಗೆ ಗಾಳಿ. ಕಾಲಿಟ್ಟರೆ ಹಿಮ್ಮಡಿ ಹೂತುಹೋಗುವ ಮರಳು. ಒಂದು ಜಿನ್‌ಫ್ಯಾಂಡೆಲ್ ಗೊಂಚಲನ್ನು ಕತ್ತರಿಸಿ ಬೆಳಕಿಗೆ ಹಿಡಿದೆ. ಒಂದೇ ಗೊಂಚಲಿನಲ್ಲಿ ಮೂರು ಕಾಲ. ಮೇಲ್ಗಡೆ ತುಂಬಿದ ಕಪ್ಪು ಹಣ್ಣು, ಒಳಗೆ ಸಿಕ್ಕಿಕೊಂಡ ನಾಲ್ಕೈದು ಇನ್ನೂ ಹಸಿರು, ಬಿಸಿಲಿಗೆ ಮೈಯೊಡ್ಡಿದ ಕಡೆ ಸುಕ್ಕಾಗಿ ಒಣದ್ರಾಕ್ಷಿಯೇ ಆಗಿಬಿಟ್ಟವು. ಈ ತಳಿಯ ಗುಣವೇ ಅದು, ಸಮನಾಗಿ ಹಣ್ಣಾಗುವುದಿಲ್ಲ. ಅಜ್ಜಿ ಪಕ್ಕದ ಗಿಡದಿಂದ ಒಂದು ಹಣ್ಣು ಕಿತ್ತು ನನ್ನ ಅಂಗೈ ಮೇಲೆ ಹಿಸುಕಿದರು. ಅಂಗೈ ತುಂಬ ಕೆಂಪು. ಅದು ಅಲಿಕಾಂಟೆ. ಸಾಮಾನ್ಯವಾಗಿ ಕಪ್ಪು ದ್ರಾಕ್ಷಿಯ ರಸಕ್ಕೆ ಬಣ್ಣ ಇರುವುದಿಲ್ಲ, ಬಣ್ಣ ಇರುವುದು ಸಿಪ್ಪೆಯಲ್ಲಿ. ಇದರ ತಿರುಳೇ ಕೆಂಪು. ಪಾನನಿಷೇಧದ ಕಾಲದಲ್ಲಿ, 1920ರಿಂದ 1933ರವರೆಗೆ, ಮನೆಯಲ್ಲಿ ದ್ರಾಕ್ಷಿರಸ ಮಾಡಿಕೊಳ್ಳಲು ಅವಕಾಶ ಇತ್ತು. ಆಗ ದಪ್ಪ ಸಿಪ್ಪೆಯ ಈ ಅಲಿಕಾಂಟೆ ರೈಲಿನಲ್ಲಿ ಪೂರ್ವದ ಊರುಗಳಿಗೆ ಹೋಗುತ್ತಿತ್ತು, ದಾರಿಯಲ್ಲಿ ಕೆಡುತ್ತಿರಲಿಲ್ಲ. “ನಮ್ಮಜ್ಜ ಈ ಗಿಡ ಕೀಳದೆ ಉಳಿಸಿಕೊಂಡಿದ್ದು ಇದರಿಂದಲೇ,” ಅಂದರು ಅಜ್ಜಿ.

300 ಪೌಂಡ್ ತುಂಬಲು 38 ಗಿಡ ಬೇಕಾಯಿತು. ಇಬ್ಬರು, ನಾಲ್ಕೂವರೆ ಗಂಟೆ. ಅಪ್ಪನಿಗೆ ಹೇಳಿದರೆ “ಗಿಡಕ್ಕೆ ಮೂರೂವರೆ ಕೆಜಿಯಾ? ಅಷ್ಟಕ್ಕೆ ಯಾರು ಸಾಕುತ್ತಾರೆ?” ಎಂದು ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ “ಫೋಟೋ ಕಳಿಸು,” ಅಂದರು. ಒಂದು ಮಾತು: ಬೇರೆ ಬೇರೆ ಸಾಲಿನಿಂದ ಕೊಯ್ಯಿರಿ. ಒಂದೇ ಮೂಲೆಯಲ್ಲಿ ಕೊಯ್ದರೆ ಮಿಶ್ರಣ ತೋಟದ ಹಾಗೆ ಬರುವುದಿಲ್ಲ. ನಾವು ಐದು ಸಾಲು ಸುತ್ತಿದೆವು.

ಮಧ್ಯಾಹ್ನ ಬಾಡಿಗೆ ಯಂತ್ರದಲ್ಲಿ ತೊಟ್ಟು ಬೇರ್ಪಡಿಸಿ ಹಣ್ಣು ಒಡೆದೆವು. ಸುಮಾರು 125 ಲೀಟರ್ ಆಯಿತು. 32 ಗ್ಯಾಲನ್ ಹಿಡಿಯುವ, ಆಹಾರಕ್ಕೆ ಬಳಸುವಂಥ ಎರಡು ಡ್ರಮ್‌ಗಳಿಗೆ ಅರ್ಧರ್ಧ ಹಾಕಿದೆವು. ಒಂದಕ್ಕೇ ತುಂಬಬೇಡಿ, ಉಕ್ಕಿ ಬರುತ್ತದೆ. ಕಾಡು ಬ್ಯಾಕ್ಟೀರಿಯಾ ತಡೆಯಲು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಒಟ್ಟು 10 ಗ್ರಾಂ. ಅವತ್ತು ಸಂಜೆ ಅಳೆದಾಗ 25 ಬ್ರಿಕ್ಸ್, ಪಿಎಚ್ 3.72. ಹುಳಿ ಸಾಲದು ಅಂತ ಲೀಟರ್ ರಸಕ್ಕೆ ಒಂದೂವರೆ ಗ್ರಾಂನಂತೆ ಟಾರ್ಟಾರಿಕ್ ಆಮ್ಲ ಹಾಕಿದೆ. 25 ಅಂದರೆ ಚೆನ್ನಾಗಿದೆ ಎಂದು ಖುಷಿಯಾಗಿ ಮಲಗಿದೆ.

ಇಲ್ಲೇ ನಾನು ತಪ್ಪಿದ್ದು. ದಯವಿಟ್ಟು ಇದನ್ನು ಎರಡು ಸಲ ಓದಿ. ಗೊಂಚಲಿನಲ್ಲಿ ಸುಕ್ಕಾದ ಹಣ್ಣಿತ್ತು ಅಂದೆನಲ್ಲ, ಅದರ ಸಕ್ಕರೆ ಮೊದಲ ದಿನ ಅಳತೆಗೆ ಸಿಗುವುದೇ ಇಲ್ಲ. ಅದು ರಸದಲ್ಲಿ ನೆನೆದು ಉಬ್ಬಿ ಎರಡು ದಿನದ ಮೇಲೆ ಸಕ್ಕರೆ ಬಿಡುತ್ತದೆ. ಎರಡು ದಿನ ಬಿಟ್ಟು, ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಯೀಸ್ಟ್ ಹಾಕುವ ಮುಂಚೆ ಅಳೆದರೆ 27.4! ಪೂರ್ತಿ ಹುದುಗಿದರೆ ಹತ್ತಿರ ಹತ್ತಿರ ಶೇಕಡಾ 16 ಆಲ್ಕೋಹಾಲ್. ನಾನು ತಂದಿದ್ದ ಯೀಸ್ಟ್ ತಡೆದುಕೊಳ್ಳುವ ಕೊನೆಯ ಮಿತಿ ಅದೇ.

ಪರಿಹಾರ ಸುಲಭವಿತ್ತು, ನೀರು ಹಾಕುವುದು. ಹುದುಗುವಿಕೆ ಸರಾಗವಾಗಲು ಕ್ಯಾಲಿಫೋರ್ನಿಯಾದ ವೈನರಿಗಳಿಗೇ ನೀರು ಸೇರಿಸಲು ಅನುಮತಿ ಇದೆ. ನನ್ನ ಮನಸ್ಸು ಮಾತ್ರ ಒಪ್ಪಲಿಲ್ಲ. ನೂರು ವರ್ಷದ ಗಿಡದ ರಸಕ್ಕೆ ನೀರಾ? ಡೇರಿಗೆ ಹಾಲು ಹಾಕುವ ಮನೆಯಲ್ಲಿ ಬೆಳೆದವಳು ನಾನು. ನೀರು ಬೆರೆಸುವುದು ಅಂದರೆ ನಮಗೆ ಮೋಸ ಅಂತಲೇ ಅರ್ಥ. ಹಾಗೇ ಬಿಟ್ಟೆ. ಈಗ ಹೇಳುತ್ತೇನೆ, ಇದು ಮೋಸವಲ್ಲ. ಬಿಸಿಲು ಹಣ್ಣಿನಿಂದ ಎಳೆದುಕೊಂಡ ನೀರನ್ನೇ ವಾಪಸ್ ಕೊಡುವುದು. ನನ್ನ ಬಳಿ ಸುಮಾರು 75 ಲೀಟರ್ ರಸವಿತ್ತು. ಅದನ್ನು 27.4ರಿಂದ 25ಕ್ಕೆ ಇಳಿಸಲು ಏಳು ಲೀಟರ್ ಸಾಕಿತ್ತು. ನೀರಿಗೂ ಲೀಟರಿಗೆ ಆರೇಳು ಗ್ರಾಂ ಟಾರ್ಟಾರಿಕ್ ಸೇರಿಸಿ ಹಾಕಬೇಕು, ಇಲ್ಲದಿದ್ದರೆ ಹುಳಿ ಇಳಿಯುತ್ತದೆ.

ಮೊದಲ ವಾರ ಸೊಗಸಾಗಿತ್ತು. ಯೀಸ್ಟ್ ಹಾಕಿದ ಮರುದಿನವೇ ಸಿಪ್ಪೆಯೆಲ್ಲ ಹಾಲಿನ ಕೆನೆಯ ಹಾಗೆ ಮೇಲೆ ಬಂದು ಗಟ್ಟಿಯಾಗಿ ಕೂತಿತು. ಅದನ್ನು ದಿನಕ್ಕೆ ಮೂರು ಸಲ ಕೆಳಕ್ಕೆ ಒತ್ತಿ ಮುಳುಗಿಸಬೇಕು. ಬೆಳಿಗ್ಗೆ ಐದೂವರೆ, ಮಧ್ಯಾಹ್ನ, ಮಲಗುವ ಮುಂಚೆ. ಒತ್ತಿದಾಗ ಒಳಗಿನಿಂದ ಬಿಸಿ ಉಸಿರು ಬರುತ್ತದೆ, ಕೈಗೆ ಗೊತ್ತಾಗುತ್ತದೆ. ಗ್ಯಾರೇಜ್ ಬಾಗಿಲು ತೆರೆದಿಡಿ, ಇದು ಸುಮ್ನೆ ಹೇಳುವ ಮಾತಲ್ಲ. ಹುದುಗುವಾಗ ಬರುವ ಇಂಗಾಲದ ಡೈಆಕ್ಸೈಡ್ ಕೆಳಗೆ ಕೂರುತ್ತದೆ, ಮುಚ್ಚಿದ ಕೋಣೆಯಲ್ಲಿ ಡ್ರಮ್‌ನೊಳಗೆ ಮುಖ ಬಗ್ಗಿಸಿದರೆ ಜೀವಕ್ಕೇ ಅಪಾಯ. ಚಿಕ್ಕ ಮಕ್ಕಳನ್ನು ಆ ಕಡೆ ಬಿಡಬೇಡಿ.

ನಾಲ್ಕನೇ ದಿನ ಕೊಳೆತ ಮೊಟ್ಟೆಯ ವಾಸನೆ ಬಂತು. ಯೀಸ್ಟ್‌ಗೆ ಹೊಟ್ಟೆಗೆ ಸಾಲದಿದ್ದರೆ ಹೀಗಾಗುತ್ತದೆ. ಯೀಸ್ಟ್‌ನ ಪೋಷಕಾಂಶ ಹಾಕಿ, ಗಾಳಿಯಾಡುವ ಹಾಗೆ ಚೆನ್ನಾಗಿ ಕಲಕಿದ ಮೇಲೆ ಎರಡು ದಿನದಲ್ಲಿ ಹೋಯಿತು. ಹೊರಗಿನ ಬಿಸಿಗೆ ಡ್ರಮ್ 31 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ನೀರು ತುಂಬಿ ಮಂಜುಗಟ್ಟಿಸಿದ ಬಾಟಲಿಗಳನ್ನು ತೊಳೆದು ಒಳಗೆ ಇಳಿಬಿಟ್ಟೆವು.

ಒಂಬತ್ತನೇ ದಿನ ಎಲ್ಲ ನಿಂತಿತು. ಸಕ್ಕರೆ ಅಳೆಯುವ ಹೈಡ್ರೋಮೀಟರ್ 4 ಬ್ರಿಕ್ಸ್‌ನಲ್ಲಿ ಕೂತಿತು. ಮರುದಿನವೂ 4. ಅದರ ಮರುದಿನವೂ 4. ಗುಳ್ಳೆ ಇಲ್ಲ, ಸದ್ದಿಲ್ಲ. ಬಿಸಿಗಾಳಿ ಹೋಗಿ ರಾತ್ರಿಗಳು ತಣ್ಣಗಾಗಿದ್ದವು, ಡ್ರಮ್ 19 ಡಿಗ್ರಿಗೆ ಇಳಿದಿತ್ತು. ಸಕ್ಕರೆ ಉಳಿದ, ಯೀಸ್ಟ್ ಸುಸ್ತಾದ ರಸ ಅಂದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಹಣ್ಣಿನ ನೊಣ ಬೇರೆ ಮುತ್ತುತ್ತಿದ್ದವು. ಎಲ್ಲಿ ವಿನೆಗರ್ ಆಗುತ್ತದೋ ಅಂತ ರಾತ್ರಿ ಎರಡು ಗಂಟೆಗೆ ಎದ್ದು ಹೋಗಿ ಮೂಸಿ ಬರುತ್ತಿದ್ದೆ.

ಅಮ್ಮ ಈ ವೈನ್ ವಿಷಯ ಬಂದರೆ ಮಾತಾಡುತ್ತಲೇ ಇರಲಿಲ್ಲ, ಫೋನ್ ಅಪ್ಪನ ಕೈಗೆ ಕೊಡುತ್ತಿದ್ದರು. ಆ ವಾರ ನನ್ನ ದನಿ ಕೇಳಿ ಏನಾಯಿತು ಅಂದರು. ಹೇಳಿದೆ. ಅಮ್ಮ ಕೇಳಿದ್ದು ಇಷ್ಟೇ, “ಹಾಲು ತಣ್ಣಗಿದ್ದರೆ ಹೆಪ್ಪು ಕೂರುತ್ತೇನೇ? ಬೆಚ್ಚಗೆ ಮಾಡು. ಹೊಸ ಹೆಪ್ಪು ಹಾಕು. ಒಂದೇ ಸಲ ಸುರೀಬೇಡ.”

ನಿಂತುಹೋದ ಹುದುಗನ್ನು ಎಬ್ಬಿಸುವ ವಿಧಾನ ನಿಜಕ್ಕೂ ಅದೇ. ಮೊದಲು ಪ್ರೆಸ್ ಬಾಡಿಗೆಗೆ ತಂದು ಹಿಂಡಿ, ಸಿಪ್ಪೆ ತೆಗೆದು, ರಸವನ್ನು ಗಾಜಿನ ದೊಡ್ಡ ಜಾಡಿಗಳಿಗೆ ತುಂಬಿದೆವು. ಶೇಕಡಾ 18ರವರೆಗೂ ತಡೆದುಕೊಳ್ಳುವ ಇಸಿ-1118 ಎಂಬ ಯೀಸ್ಟ್ 20 ಗ್ರಾಂ ತಂದೆ. 40 ಡಿಗ್ರಿಯ 200 ಮಿಲಿ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಸ್ವಲ್ಪ ಸಕ್ಕರೆ ಕೊಟ್ಟು ನೊರೆ ಬರಿಸಿದೆ. ಅದಕ್ಕೆ ಅಷ್ಟೇ ಅಳತೆಯ ನಿಂತುಹೋದ ವೈನ್. ಅದು ಗುಳ್ಳೆ ಬಿಟ್ಟ ಮೇಲೆ ಮತ್ತೆ ಅಷ್ಟೇ. ಹೀಗೆ ಎರಡೆರಡು ಪಟ್ಟು ಮಾಡುತ್ತಾ ಆರು ಲೀಟರ್‌ಗೆ ತರಲು ಎರಡು ದಿನ ಹಿಡಿಯಿತು. ಆಮೇಲೆ ಜಾಡಿಗಳಿಗೆ ಹಂಚಿದೆ. ಜಾಡಿಗಳನ್ನು ಮನೆಯೊಳಗೆ ತಂದು ಎಲೆಕ್ಟ್ರಿಕ್ ಹೊದಿಕೆ ಸುತ್ತಿ 24 ಡಿಗ್ರಿಯಲ್ಲಿಟ್ಟೆವು. ಮೂರನೇ ಬೆಳಿಗ್ಗೆ ಜಾಡಿಯ ಕತ್ತಿನಲ್ಲಿ ಸಣ್ಣ ಗುಳ್ಳೆಗಳ ಒಂದು ಉಂಗುರ ಕಂಡಿತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹನ್ನೆರಡು ದಿನಕ್ಕೆ ಹೈಡ್ರೋಮೀಟರ್ ಸೊನ್ನೆಗಿಂತ ಕೆಳಗೆ, ಮೈನಸ್ 1ಕ್ಕೆ ಬಂತು, ಅಂದರೆ ಸಕ್ಕರೆ ಖಾಲಿ. ಮುಗಿಯಿತು ಅಂದುಕೊಂಡೆ.

ಇನ್ನೂ ಇತ್ತು. ಮ್ಯಾಲಿಕ್ ಹುಳಿಯನ್ನು ಮೆತ್ತನೆಯ ಲ್ಯಾಕ್ಟಿಕ್ ಹುಳಿಯಾಗಿ ಮಾಡುವ ಎರಡನೇ ಹಂತವಿದೆ, ಅದನ್ನು ಮಾಡುವುದು ಬ್ಯಾಕ್ಟೀರಿಯಾ. ಇಷ್ಟು ಜಾಸ್ತಿ ಆಲ್ಕೋಹಾಲ್‌ನಲ್ಲಿ ಅದು ಆಮೆಯಂತೆ ಕೆಲಸ ಮಾಡುತ್ತದೆ. ಅಲ್ಲಿಯವರೆಗೆ ಸಲ್ಫೈಟ್ ಹಾಕುವಂತಿಲ್ಲ, ಅಂದರೆ ವೈನ್‌ಗೆ ಕಾವಲಿಲ್ಲ. ಹುಳಿಗಳನ್ನು ಬೇರೆ ಬೇರೆ ಚುಕ್ಕೆಯಾಗಿ ತೋರಿಸುವ ಕ್ರೊಮಟೊಗ್ರಫಿ ಕಾಗದದ ಮೇಲೆ ಹನಿ ಇಟ್ಟು ನೋಡಬೇಕು, ಮ್ಯಾಲಿಕ್‌ನ ಹಳದಿ ಚುಕ್ಕೆ ಮಾಯವಾದರೆ ಮುಗಿದಂತೆ. ಅದರ ದ್ರಾವಣದ ವಾಸನೆ ತಲೆನೋವು ತರುತ್ತದೆ, ಹೊರಗೆ ಇಟ್ಟು ಮಾಡಿ. ನವೆಂಬರ್‌ನಲ್ಲಿ ಚುಕ್ಕೆ ಇತ್ತು. ಡಿಸೆಂಬರ್‌ನಲ್ಲಿ ಮಸುಕಾಗಿತ್ತು. ಜನವರಿ ಕೊನೆಗೆ ಹೋಗಿತ್ತು.

ಅಲ್ಲಿಂದ ಆಚೆಗೆ ಹೇಳುವುದು ಕಡಿಮೆ. ಗಸಿ ಬಿಟ್ಟು ಮೇಲಿನ ವೈನ್ ಬೇರೆ ಜಾಡಿಗೆ ಮಾಡುವುದು, ಸಲ್ಫೈಟ್, ಮೂರು ವಾರಕ್ಕೊಮ್ಮೆ ಜಾಡಿಯನ್ನು ಕತ್ತಿನವರೆಗೆ ತುಂಬಿಸುವುದು. ಗಾಳಿಗೆ ಜಾಗ ಬಿಡಬಾರದು. ತುಂಬಿಸಲು ಅಂಗಡಿಯ ಜಿನ್‌ಫ್ಯಾಂಡೆಲ್ ಐದು ಬಾಟಲಿ ಬೇಕಾಯಿತು.

ಖರ್ಚು ಕೇಳುವವರಿಗೆ: ಹಣ್ಣು 600, ಒಡೆಯುವ ಯಂತ್ರ ಮತ್ತು ಪ್ರೆಸ್ ಬಾಡಿಗೆ 90, ಡ್ರಮ್ 90, ಗಾಜಿನ ಜಾಡಿ 200, ಅಳತೆ ಸಾಮಾನು 130, ಯೀಸ್ಟ್, ಆಮ್ಲ, ಬ್ಯಾಕ್ಟೀರಿಯಾ ಎಲ್ಲ ಸೇರಿ 110, ನಿಂತದ್ದನ್ನು ಎಬ್ಬಿಸಲು 60, ತುಂಬಿಸಿದ ವೈನ್ 60, ಬಾಟಲಿ 140, ಬಿರಡೆ ಮತ್ತು ಬಿರಡೆ ಒತ್ತುವ ಸಾಧನದ ಬಾಡಿಗೆ 50. ಒಟ್ಟು 1,530 ಡಾಲರ್. ಬಾಟಲಿಗೆ 18 ಡಾಲರ್ ಚಿಲ್ಲರೆ. ಮುಂದಿನ ಸಲ ಡ್ರಮ್, ಜಾಡಿ, ಮೀಟರ್ ಕೊಳ್ಳಬೇಕಾಗಿಲ್ಲ. ಬಾಟಲಿಗಳನ್ನು ಗೆಳೆಯರ ಮನೆಯಿಂದ ಈಗಿನಿಂದಲೇ ಕೂಡಿಡುತ್ತಿದ್ದೇನೆ.

ಬಣ್ಣ ತುಂಬ ಗಾಢ, ಲೋಟ ಅಲ್ಲಾಡಿಸಿದರೆ ಅಂಚಿನಲ್ಲಿ ನೇರಳೆ. ಕುಡಿದ ಮೇಲೆ ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿಯುತ್ತದಲ್ಲ, ಆ ಒಗರು. ಕೊನೆಗೆ ಕಾಳುಮೆಣಸು. ಗಂಟಲಲ್ಲಿ ಸ್ವಲ್ಪ ಬಿಸಿ ಇದೆ, ಆ ಏಳು ಲೀಟರ್ ನೀರು ಹಾಕಿದ್ದರೆ ಇರುತ್ತಿರಲಿಲ್ಲ.

ಭಾನುವಾರ ಎರಡು ಬಾಟಲಿ ತಗೊಂಡು ಅಜ್ಜಿಯ ಬಳಿ ಹೋಗಿದ್ದೆ. ಅವರು ಒಂದನ್ನು ಅಡುಗೆಮನೆಯ ಮೇಜಿನ ಮೇಲೆ ಆಗಲೇ ತೆರೆದರು. ಮೂಸಿ, ಒಂದು ಗುಟುಕು ಕುಡಿದು, “ನೀವು ಬೇಲಿ ಪಕ್ಕದ ಸಾಲಲ್ಲೂ ಕೊಯ್ದಿರಿ ಅಲ್ವಾ?” ಅಂದರು. ಹೌದು ಅಂದೆ. “ಅಲ್ಲಿ ಮಟಾರೊ ಜಾಸ್ತಿ. ಗೊತ್ತಾಗುತ್ತೆ.” ಈ ವರ್ಷವೂ 300 ಪೌಂಡ್ ಕೊಡುವುದಾಗಿ ಹೇಳಿದ್ದಾರೆ. ಬಿಸಿಲು ಹೀಗೇ ಇದ್ದರೆ ಇನ್ನು ಮೂರು ವಾರ, ಸುಕ್ಕಾಗುವ ಮುಂಚೆಯೇ ಕೊಯ್ಯೋಣ ಅಂದಿದ್ದೇನೆ. ಕ್ರೇಟುಗಳನ್ನು ತೊಳೆದು ಹಿತ್ತಲಲ್ಲಿ ಬೋರಲು ಹಾಕಿದ್ದೇನೆ. ಅಪ್ಪ ಆ ಬೇಲಿ ಪಕ್ಕದ ಸಾಲಿನ ಫೋಟೋ ಕೇಳಿದ್ದಾರೆ.